ಸೊಸೆಯ ಕ್ಯಾಲೆಂಡರಿಗೆ ರಾಹುಕಾಲ

ನಲ್ಲೂರಿನ ಮುನಿಲಕ್ಷ್ಮಮ್ಮ ಎರಡು ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ. ಒಂದು, ಮುದ್ದೆಯಲ್ಲಿ ಗಂಟಿರಬಾರದು. ಇನ್ನೊಂದು, ರಾಹುಕಾಲದಲ್ಲಿ ಒಳ್ಳೆಯ ಕೆಲಸಕ್ಕೆ ಕೈ ಹಾಕಬಾರದು. ಮುದ್ದೆಯ ವಿಷಯದಲ್ಲಾದರೂ ಆಗೊಮ್ಮೆ ಈಗೊಮ್ಮೆ ಗಂಡನ ಮುಖ ನೋಡಿ ಸುಮ್ಮನಾದದ್ದುಂಟು; ರಾಹುಕಾಲದ ವಿಷಯದಲ್ಲಿ ಸಾಕ್ಷಾತ್ ಬ್ರಹ್ಮನೇ ಬಂದು ನಿಂತರೂ ಊಹೂಂ. ಮಗ ನವೀನ್‌ಕುಮಾರನಿಗೆ ಹೆಣ್ಣು ನೋಡಲು ಹೊಸಕೋಟೆಗೆ ಹೊರಟ ದಿನ, ವ್ಯಾನು ಬಾಗಿಲಲ್ಲಿ ನಿಂತು ಹಾರನ್ ಹೊಡೆದು ಹೊಡೆದು ಸುಸ್ತಾದರೂ ಈಕೆ ನೆಂಟರನ್ನೆಲ್ಲ ಜಗಲಿಯ ಮೇಲೆ ಕೂರಿಸಿ, "ಇನ್ನೂ ರಾಹುಕಾಲ ಕಳೀಲಿಲ್ಲ, ಯಾರಾದ್ರೂ ಹೊಸಿಲು ದಾಟಿದ್ರೋ ನೋಡಿ ಮತ್ತೆ!" ಎಂದು ಕಾವಲು ನಿಂತಿದ್ದಳು. ಗಂಡ ಗೋಪಾಲಪ್ಪ ಅಂದೇ ಎಲ್ಲರೆದುರು, "ರಾಹುಗೂ ಇವಳನ್ನ ಕಂಡ್ರೆ ಭಯ ಕಣ್ರಪ್ಪ, ಟೈಮಿಗೆ ಸರಿಯಾಗಿ ಎದ್ದು ಹೋಗ್ತಾನೆ" ಎಂದು ನಗಿಸಿದ್ದ. ಅಂದು ನೋಡಿ ಬಂದ ಹೆಣ್ಣೇ ಅರ್ಪಿತ.

ಅರ್ಪಿತ ಬೆಂಗಳೂರಿನ ಒಂದು ಕಂಪನಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದಳು. ಮದುವೆಯಾದ ಮೇಲೂ ಬೆಳಿಗ್ಗೆ ಎದ್ದು ದೇವನಹಳ್ಳಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಸಿಲ್ಕ್‌ಬೋರ್ಡಿನ ಆಚೆಗಿರುವ ಆಫೀಸು ಸೇರುತ್ತಿದ್ದಳು. ಮಗು ಯಶಸ್ವಿನಿ ಹುಟ್ಟಿದ ಮೇಲೆ ಆ ಓಡಾಟ ಸಾಧ್ಯವಿರಲಿಲ್ಲ. ಕೆಲಸ ಚೆನ್ನಾಗಿ ಮಾಡುವ ಹುಡುಗಿ ಎಂದು ಆಫೀಸಿನವರು ಮನೆಯಿಂದಲೇ ಮಾಡಲು ಒಪ್ಪಿದರು. ಆದರೆ ಒಂದು ಷರತ್ತು: ಯಾವ ಹೊತ್ತು ಯಾವ ನಕ್ಷೆಗೆ ಹೋಯಿತು ಎನ್ನುವುದು ಲ್ಯಾಪ್‌ಟಾಪಿನ ಟೈಮ್ ಆ್ಯಪ್‌ನಲ್ಲಿ ದಾಖಲಾಗಬೇಕು. ಕೆಲಸಕ್ಕೆ ಕೂರುವಾಗ ಒಂದು ಗುಂಡಿ ಒತ್ತಬೇಕು, ಏಳುವಾಗ ಮತ್ತೆ ಒತ್ತಬೇಕು. ತಿಂಗಳ ಕೊನೆಗೆ ಅದರ ವರದಿ ಆಫೀಸಿಗೆ ಹೋಗುತ್ತದೆ.

ಗುಂಡಿ ಒತ್ತೋದೇನು ಮಹಾ ಅನ್ನಬೇಡಿ. ಮನೆಯಲ್ಲಿ ತೆವಳುವ ಮಗು ಇದ್ದವರಿಗೆ ಮಾತ್ರ ಗೊತ್ತು ಅದರ ಕಷ್ಟ. ಅರ್ಪಿತ ಕೂತು ಗುಂಡಿ ಒತ್ತುವಷ್ಟರಲ್ಲಿ ಮಗು ಹೊಸಿಲ ಹತ್ತಿರ ಹೋಗಿರುತ್ತಿತ್ತು. ಎದ್ದು ಓಡಿದರೆ ಗಡಿಯಾರ ಓಡುತ್ತಲೇ ಇರುತ್ತಿತ್ತು. ಒಂದು ಸಲ ಮಧ್ಯಾಹ್ನ ಶುರುವಾದ ಕೆಲಸ ಮಾರನೆಯ ದಿನ ಡೈರಿಗೆ ಹಾಲು ಹಾಕುವ ಹೊತ್ತಿನವರೆಗೂ ನಡೆದಂತೆ ದಾಖಲಾಯಿತು. ಇನ್ನೊಂದು ಸಲ ವಾರಪೂರ್ತಿ ಬೆನ್ನು ಬಗ್ಗಿಸಿ ದುಡಿದರೂ ಅಲ್ಲಿ ಸೊನ್ನೆ. ಮ್ಯಾನೇಜರ್ ಪ್ರಮೋದಾ ಫೋನ್ ಮಾಡಿ, "ಅರ್ಪಿತ, ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಆದ್ರೆ ಇದನ್ನ ನಾನು ಮೇಲಿನವರಿಗೆ ಹೇಗೆ ತೋರಿಸ್ಲಿ? ಇನ್ನೊಂದು ತಿಂಗಳು ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ದಿನಾ ಆಫೀಸಿಗೇ ಬರ್ಬೇಕಾಗುತ್ತೆ" ಎಂದು ಮೆತ್ತಗೇ ಹೇಳಿದಳು.

ಆ ಸಂಜೆ ನವೀನ್‌ಕುಮಾರ್ ದಾಬಸ್‌ಪೇಟೆಯ ಗೋಡೌನಿನಿಂದ ಶಿಫ್ಟ್ ಮುಗಿಸಿ ಬಂದು ವಿಷಯ ಕೇಳಿ, "ಹಂಗಾದ್ರೆ ಕೆಲಸ ಬಿಟ್ಬಿಡು, ಮಗು ದೊಡ್ಡದಾದ್ಮೇಲೆ ನೋಡ್ಕೊಳ್ಳೋಣ" ಎಂದ. ಮುನಿಲಕ್ಷ್ಮಮ್ಮ ಒಳಗಿನಿಂದ ಸೌಟು ಹಿಡಿದೇ ಬಂದಳು.

"ನೀನು ಬಿಡಪ್ಪ ನಿನ್ ಕೆಲಸಾನ! ನೀನು ಕೂತ್ಕೊಂಡು ಮಗು ತೊಳ್ಸು. ಅವಳು ಗೀಚಿದ್ದು ಕಟ್ಟಡ ಆಗಿ ನಿಂತ್ಕೊಳ್ತದೆ. ನೀನು ಎತ್ತಿಟ್ಟ ಡಬ್ಬ ನಾಳೆ ಇನ್ಯಾವನೋ ಇಳ್ಸ್ತಾನೆ. ಬಿಟ್ಬಿಡು ಅಂತೆ, ಬಿಟ್ಬಿಡು!"

ಮಗ ತಟ್ಟೆಯ ಕಡೆ ತಿರುಗಿದ. ಗೋಪಾಲಪ್ಪ ಟಿವಿಯ ಕಡೆ ತಿರುಗಿದ. ಆ ಮನೆಯಲ್ಲಿ ಸೌಟು ಹೊರಬಂದ ಮೇಲೆ ಯಾರೂ ಮಾತಾಡುವುದಿಲ್ಲ.

ಬಾಯಿ ಜೋರು, ನಿಜ. ಆದರೆ ಸೊಸೆಯೆಂದರೆ ಮುನಿಲಕ್ಷ್ಮಮ್ಮನಿಗೆ ಒಳಗೊಳಗೇ ದೊಡ್ಡ ಹೆಮ್ಮೆ. ಒಮ್ಮೆ ಯಲಹಂಕದಲ್ಲಿ ಅರ್ಪಿತ ನಕ್ಷೆ ಬರೆದ ಕಟ್ಟಡದ ಮುಂದೆ ಹಾದು ಹೋಗುವಾಗ, ಬಸ್ಸಿನ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ "ಅದು ನಮ್ ಹುಡುಗಿ ಬರ್ದಿದ್ದು" ಎಂದು ಹೇಳಿಯೇ ಬಂದಿದ್ದಳು. ಆ ಹುಡುಗಿ ಕೆಲಸ ಬಿಟ್ಟು ಒಲೆಯ ಮುಂದೆ ಕೂರುವುದಾಗಲಿ, ಮಗುವನ್ನು ಬಿಟ್ಟು ಬಸ್ಸಿನಲ್ಲಿ ದಿನವೆಲ್ಲ ನೇತಾಡುವುದಾಗಲಿ, ಎರಡೂ ಆಕೆಗೆ ಬೇಕಿರಲಿಲ್ಲ.

ಅವರೆಕಾಯಿಯ ಕಾಲ. ಮಾರನೆಯ ದಿನ ಮುನಿಲಕ್ಷ್ಮಮ್ಮ ನಡುಮನೆಯಲ್ಲಿ ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದಾಗ ಅರ್ಪಿತ ಲ್ಯಾಪ್‌ಟಾಪ್ ತಂದು ಎದುರಿಗೆ ಕೂತಳು. ಕಣ್ಣಲ್ಲಿ ಏನೋ ಹೊಳಪು.

"ಅತ್ತೆ, ನನಗೆ ಗುಂಡಿ ಒತ್ತೋದು ಮರೆಯುತ್ತೆ. ಆದ್ರೆ ಕ್ಯಾಲೆಂಡರ್ ಬರೆಯೋದು ಯಾವತ್ತೂ ಮರೆಯಲ್ಲ. ಇಷ್ಟು ಹೊತ್ತಿಂದ ಇಷ್ಟು ಹೊತ್ತಿನವರೆಗೆ ಇಂಥ ಕೆಲಸ ಅಂತ ಬೆಳಿಗ್ಗೆನೇ ಬರ್ದಿಟ್ಟಿರ್ತೀನಿ. ಇದನ್ನ ಆ ಟೈಮ್ ಆ್ಯಪ್‌ಗೆ ಜೋಡಿಸ್ಬಿಟ್ರೆ? ಕ್ಯಾಲೆಂಡರಲ್ಲಿ ಇರೋದು ತಾನಾಗೇ ಅಲ್ಲಿಗೆ ಹೋಗ್ಬಿಡುತ್ತೆ."

"ಜೋಡ್ಸೋಕೆ ಇಂಜಿನಿಯರ್ ಬರ್ಬೇಕೇನೋ?"

"ಯಾರೂ ಬೇಡ. ಒಂದಕ್ಷರ ಕೋಡ್ ಬರೆಯೋದೂ ಬೇಕಿಲ್ಲ. ಇಲ್ನೋಡಿ."

ಪರದೆಯ ಮೇಲೆ ಎರಡು ಚೌಕ, ನಡುವೆ ಒಂದು ಗೆರೆ. ಮೊದಲನೆಯ ಚೌಕದಲ್ಲಿ ಅರ್ಪಿತ ಕ್ಯಾಲೆಂಡರನ್ನು ಆರಿಸಿ, 'ಬರೆದಿಟ್ಟ ಹೊತ್ತು ಮುಗಿದಾಗ' ಎಂದಳು. ಎರಡನೆಯದರಲ್ಲಿ ಟೈಮ್ ಆ್ಯಪ್ ಆರಿಸಿ, 'ಅದೇ ಹೆಸರಿನಲ್ಲಿ ಅಷ್ಟೇ ಹೊತ್ತನ್ನು ದಾಖಲಿಸು' ಎಂದಳು. ಮುನಿಲಕ್ಷ್ಮಮ್ಮ ಕಾಳು ಹಿತುಕುವುದನ್ನು ನಿಲ್ಲಿಸಿ ಆ ಗೆರೆಯನ್ನೇ ನೋಡಿದಳು.

"ಇದು ನೀರು ಕಟ್ಟೋದಲ್ವೇನೇ? ಮೇಲಿನ ಪಾತಿ ತುಂಬ್ತು ಅಂದ್ರೆ ಬದು ಕಡ್ದು ಕೆಳಗಿನ ಪಾತಿಗೆ ಬಿಡ್ತೀವಲ್ಲ."

"ಅಯ್ಯೋ ಅತ್ತೆ, ಅದೇ! ನಮ್ ಆಫೀಸಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ."

ಪರೀಕ್ಷೆಗೆಂದು ಅರ್ಪಿತ ಕ್ಯಾಲೆಂಡರಿನಲ್ಲಿ ಆಗ ತಾನೇ ಕಳೆದ ಗಳಿಗೆಯನ್ನು 'ಶಾಲೆಯ ಮೆಟ್ಟಿಲು' ಎಂದು ಬರೆದಳು. ಇಬ್ಬರೂ ಟೈಮ್ ಆ್ಯಪನ್ನೇ ನೋಡುತ್ತಾ ಕೂತರು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಆಮೇಲೆ ಯಾರೂ ಮುಟ್ಟದೆಯೇ 'ಶಾಲೆಯ ಮೆಟ್ಟಿಲು' ಅಲ್ಲಿ ಬಂದು ಕೂತಿತು. ಮುನಿಲಕ್ಷ್ಮಮ್ಮ ಅವರೆಯ ಘಮಲಿನ ಕೈಯಿಂದಲೇ ಸೊಸೆಯ ಕೆನ್ನೆ ಸವರಿ ತನ್ನ ಹಣೆಗೆ ನೆಟಿಗೆ ಮುರಿದುಕೊಂಡಳು.

"ಎಷ್ಟು ತಲೆ ನೋಡು ನನ್ ತಾಯಿಗೆ! ನನ್ ಕಣ್ಣೇ ತಾಕ್ಬಿಡ್ತದೆ."

ಅರ್ಪಿತ ಅಷ್ಟಕ್ಕೇ ಬಿಡಲಿಲ್ಲ. ಅದೇ ಕ್ಯಾಲೆಂಡರನ್ನು ಅತ್ತೆಯ ಫೋನಿಗೂ ಹಾಕಿಕೊಟ್ಟಳು. ನೋಡುವುದಕ್ಕಷ್ಟೇ ಅಲ್ಲ, ಬರೆಯುವುದಕ್ಕೂ ಅನುಮತಿ ಕೊಟ್ಟಳು. ಮನೆಯವರ ನಡುವೆ ಬೀಗ ಯಾಕೆ? ಅಂದಿನಿಂದ ಮುನಿಲಕ್ಷ್ಮಮ್ಮ ಫೋನ್ ನೋಡಿಯೇ ಮಿಕ್ಸಿ ಹಾಕುತ್ತಿದ್ದಳು. ಮೀಟಿಂಗ್ ಇದ್ದಾಗ ಕುಕ್ಕರ್ ಒಲೆ ಮೇಲೆ ಏರುತ್ತಿರಲಿಲ್ಲ, ಮಗು ಅಜ್ಜಿಯ ಸೊಂಟದ ಮೇಲೆ ಹಿತ್ತಲಲ್ಲಿರುತ್ತಿತ್ತು, ಗೋಪಾಲಪ್ಪನಿಗೆ ಸೀನುವುದಕ್ಕೂ ಹೊರಗೆ ಹೋಗಬೇಕಾಗುತ್ತಿತ್ತು. ಎದುರುಮನೆಯ ಪಾಪಮ್ಮನಿಗೆ ಆಕೆ ದಿನಕ್ಕೊಂದು ಸಲ ಹೇಳುತ್ತಿದ್ದಳು: "ನನ್ ಸೊಸೆ ಎರಡು ಕಂಪ್ಯೂಟ್ರಿಗೆ ಗಂಟು ಹಾಕವ್ಳೆ ಕಣೆ. ಒಂದರಲ್ಲಿ ಬರುದ್ರೆ ಇನ್ನೊಂದರಲ್ಲಿ ಮೂಡ್ತದೆ!"

ಎಲ್ಲ ಸುಸೂತ್ರವಾಗಿಯೇ ಇತ್ತು. ಕೆಡಿಸಿದ್ದು ಒಂದು ಮಂಗಳವಾರ. ಅಂದು ಮಧ್ಯಾಹ್ನದ ಮೀಟಿಂಗಿನಲ್ಲಿ ಶಾಲೆ ಕಟ್ಟಿಸುತ್ತಿದ್ದ ದಿಲ್ಲಿಯವರು ಅರ್ಪಿತಳ ಮೆಟ್ಟಿಲಿನ ನಕ್ಷೆ ಬೇಡವೆಂದರು. ಹುಡುಗಿ ಸಪ್ಪೆ ಮುಖ ಮಾಡಿಕೊಂಡು ಹೊರಬಂದದ್ದನ್ನು ನೋಡಿ ಮುನಿಲಕ್ಷ್ಮಮ್ಮ ನೇರವಾಗಿ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ನೋಡಿದಳು. ಮಂಗಳವಾರ, ಮೂರರಿಂದ ನಾಲ್ಕೂವರೆ. ರಾಹುಕಾಲ! ಇನ್ನೇನಾಗುತ್ತದೆ ಮತ್ತೆ? ಇಷ್ಟು ದಿನ ತನಗೆ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಗೋಡೆಯ ಕ್ಯಾಲೆಂಡರನ್ನು ಈ ಕಾಲದ ಹುಡುಗಿಯರು ನೋಡುವುದಿಲ್ಲ. ಫೋನಿನದನ್ನು ನೋಡುತ್ತಾರೆ. ಸರಿ, ಅಲ್ಲೇ ಹಾಕಿದರಾಯಿತು. ಸೊಸೆ ಮಾಡುವುದನ್ನು ದಿನವೂ ನೋಡಿ ಆಕೆಗೆ ದಾರಿ ಗೊತ್ತಿತ್ತು: ಕೂಡಿಸುವ ಗುರುತನ್ನು ಒತ್ತು, ಮೈಕಿನ ಗುರುತು ಒತ್ತಿ ಹೆಸರು ಹೇಳು, ಹೊತ್ತು ತಿರುಗಿಸು, 'ಪ್ರತಿ ವಾರ' ಎನ್ನುವುದನ್ನು ಮುಟ್ಟು. ಸಂಜೆಯೆಲ್ಲ ಜಗಲಿಯ ಮೇಲೆ ಕೂತು, ಒಂದು ಕೈಯಲ್ಲಿ ಫೋನು ಕಿತ್ತುಕೊಳ್ಳುವ ಮೊಮ್ಮಗಳನ್ನು ತಡೆಯುತ್ತಾ, ಫೋನಿನ ಮೂತಿಗೆ ಬಾಯಿಟ್ಟು "ರಾಹುಕಾಲ... ರಾಹುಕಾಲ..." ಎಂದು ವಾರದ ಏಳು ದಿನಕ್ಕೂ ಹೇಳಿ ಮುಗಿಸಿದಳು. ದಾರಿಯಲ್ಲಿ ಹೋಗುವವರು ಏನೋ ಜಪ ಹಿಡಿದಿದ್ದಾಳೆ ಎಂದುಕೊಂಡಿರಬೇಕು.

ಮಾರನೆಯ ಬೆಳಿಗ್ಗೆ ಅರ್ಪಿತ ನಗು ತಡೆಯುತ್ತಾ ಬಂದಳು. "ಅತ್ತೆ, ಇದನ್ನ ನೀವೇ ಹಾಕಿದ್ರಾ?"

"ನಾನೇ. ಆ ಹೊತ್ತಲ್ಲಿ ನೀನು ಕಂಪ್ಯೂಟ್ರು ಮುಟ್ಬೇಡ. ಮಗು ನಾನು ನೋಡ್ಕೊತೀನಿ, ಒಳಗೆ ಹೋಗಿ ಮಲಕ್ಕೊ. ಕಣ್ಣು ನೋಡು ಹೆಂಗಾಗವೆ."

ಅರ್ಪಿತ ಒಂದು ಕ್ಷಣ ಅತ್ತೆಯ ಮುಖ ನೋಡಿ, "ಆಯ್ತು ಅತ್ತೆ" ಎಂದಳು. ಕ್ಯಾಲೆಂಡರಿಗೆ ಬಿದ್ದದ್ದೆಲ್ಲ ಹರಿದು ಟೈಮ್ ಆ್ಯಪ್ ಸೇರುತ್ತದೆ ಎನ್ನುವುದು ಇಬ್ಬರಿಗೂ ಆಗ ನೆನಪಾಗಲಿಲ್ಲ. ಅತ್ತೆಗೆ ನೆನಪಾಗದಿದ್ದದ್ದು ಸಹಜ. ಆದರೆ ತಾನೇ ಕೈಯಾರೆ ಬದು ಕಡಿದ ಅರ್ಪಿತಳಿಗೂ ಮರೆತುಹೋಯಿತಲ್ಲ, ಅದಕ್ಕೇನು ಹೇಳೋಣ!

ಅಂದೇ ಬುಧವಾರ ನಡುಹಗಲು. ಅರ್ಪಿತ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಮುನಿಲಕ್ಷ್ಮಮ್ಮ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹೊರಗೆ ಕೂತಿದ್ದಳು. ಒಳಗಿನಿಂದ ಟಕಟಕ, ಟಕಟಕ ಎಂದು ಸದ್ದು ಬಂತು. ಕಿವಿಗೊಟ್ಟು ಕೇಳಿದಳು. ಅನುಮಾನವೇ ಇಲ್ಲ, ಹುಡುಗಿ ಕೆಲಸ ಮಾಡುತ್ತಿದ್ದಾಳೆ. ಮುನಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎದುರಿಗೆ 'ಆಯ್ತು ಅತ್ತೆ', ಬೆನ್ನ ಹಿಂದೆ ಟಕಟಕವೇ? ಮಗುವನ್ನು ಚಾಪೆಗೆ ಇಳಿಸಿ ಎದ್ದು, ಎರಡು ಮಾತು ಬಿಡೋಣ ಎಂದು ಬಾಗಿಲಿಗೆ ಕೈಯಿಟ್ಟಳು.

ಆಕೆಯ ಹೆಜ್ಜೆ ಕೇಳಿದ್ದೇ ತಡ, ಒಳಗಿನ ಸದ್ದು ಗಪ್ಪೆಂದು ನಿಂತಿತು. ಫ್ಯಾನಿನದೊಂದೇ ಸದ್ದು. ಬೆಲ್ಲ ಕದ್ದ ಮಗುವಿನ ಹಾಗೆ ಆ ಹುಡುಗಿ ಉಸಿರು ಕೂಡ ಬಿಡದೆ ಕೂತಿರುವುದು ಬಾಗಿಲ ಈಚೆಗೂ ತಿಳಿಯುತ್ತಿತ್ತು. ಮುನಿಲಕ್ಷ್ಮಮ್ಮನ ಕೈ ಅಲ್ಲೇ ನಿಂತಿತು. ಅಷ್ಟು ಓದಿದವಳು, ದಿಲ್ಲಿಯವರ ಜೊತೆ ಇಂಗ್ಲಿಷಿನಲ್ಲಿ ವಾದ ಮಾಡುವವಳು, 'ನಿಮ್ಮ ರಾಹುಕಾಲ ನೀವಿಟ್ಟುಕೊಳ್ಳಿ' ಎಂದು ಒಂದು ಮಾತು ಅಂದುಬಿಡಬಹುದಿತ್ತು. ಅನ್ನಲಿಲ್ಲ. ಅತ್ತೆಯ ಮನಸ್ಸು ನೋಯಬಾರದೆಂದು ತನ್ನ ಕೆಲಸವನ್ನು ತಾನೇ ಕದ್ದು ಮಾಡುತ್ತಿದ್ದಾಳೆ. ಆ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಕೆಲಸದ ಹೆಸರನ್ನೂ ಬರೆದಿಲ್ಲ, ಬರೆದರೆ ಅತ್ತೆಯ ಫೋನಿನಲ್ಲಿ ಕಾಣುತ್ತದೆಂದು. ಮುನಿಲಕ್ಷ್ಮಮ್ಮನ ಕಣ್ಣು ತುಂಬಿತು. ಹಿಂದಿರುಗಿ ಬಂದು ಕೂತು, ಮಗು ಕೇಳದಿದ್ದರೂ ದೊಡ್ಡ ದನಿಯಲ್ಲಿ ಜೋಗುಳ ಹಾಡತೊಡಗಿದಳು. ಸ್ವಲ್ಪ ಹೊತ್ತಿಗೆ ಒಳಗೆ ಟಕಟಕ ಮತ್ತೆ ಶುರುವಾಯಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಕಾಲವಿತ್ತು, ಅದೇ ರಾಹುಕಾಲ. ಒಳಗೆ ಒಬ್ಬಳು ಮಲಗಿದಂತೆ ನಟಿಸುವಳು. ಹೊರಗೆ ಒಬ್ಬಳು ಕೇಳದಂತೆ ನಟಿಸುವಳು. ಕೋಣೆಯ ಕಡೆ ಹೋಗಬೇಕಾದರೆ ಮುನಿಲಕ್ಷ್ಮಮ್ಮ ಎರಡು ಸಲ ಕೆಮ್ಮಿ, ಬಳೆ ಸದ್ದು ಮಾಡಿ ಹೋಗುವಳು. ಹೀಗಿದ್ದೂ ಆಕೆಯ ಬಾಯಿ ಸುಮ್ಮನಿರಬೇಕಲ್ಲ? "ನನ್ ಸೊಸೆ ರಾಹುಕಾಲದಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟುಬಿಡ್ತಾಳೆ. ನಾನು ಹಾಕಿದ್ ಗೆರೆ ದಾಟಲ್ಲ" ಎಂದು ಪಾಪಮ್ಮನ ಮುಂದೆ ಕೊಚ್ಚಿಕೊಂಡಳು. ಪಾಪಮ್ಮ ಮನೆಗೆ ಹೋಗಿ ತನ್ನ ಸೊಸೆ ವಾಣಿಶ್ರೀಗೆ, "ನೋಡಿ ಕಲಿ ಆ ಅರ್ಪಿತಾನ" ಎಂದು ದಿನವೂ ಪಾಠ ಹೇಳಿದಳು. ಕೇರಿಯಲ್ಲಿ ಮುನಿಲಕ್ಷ್ಮಮ್ಮನ ಗತ್ತು ಒಂದು ಗೇಣು ಏರಿತು.

ತಿಂಗಳು ಮುಗಿದ ಮೇಲೆ ಬಂದ ಶುಕ್ರವಾರ, ಹನ್ನೊಂದರ ಹೊತ್ತು. ಪಾಪಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಲೋಟ ಹಿಡಿದು ಬಂದಿದ್ದಳು. "ರಾಹುಕಾಲ ಕಳೀಲಿ, ಕೊಡ್ತೀನಿ, ಕೂತ್ಕೊ" ಎಂದು ಮುನಿಲಕ್ಷ್ಮಮ್ಮ ಆಕೆಯನ್ನು ನಡುಮನೆಯಲ್ಲಿ ಕೂರಿಸಿಕೊಂಡಿದ್ದಳು. ಆಗ ಅರ್ಪಿತ ಕೋಣೆಯ ಬಾಗಿಲು ತೆಗೆದು, "ಅತ್ತೆ, ನಮ್ ಮೇಡಂ ವಿಡಿಯೊ ಕಾಲ್ ಮಾಡವ್ರೆ. ತೆಗೀಲೇಬೇಕು" ಎಂದು ಗಾಬರಿಯಿಂದ ಹೇಳಿ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಪ್ರಮೋದಾಳ ದನಿ ನಡುಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಅರ್ಪಿತ, ನಿನ್ನ ರಿಪೋರ್ಟ್ ಬಂತು. ಒಂದು ದಿನಾನೂ ತಪ್ಪಿಲ್ಲ, ಖುಷಿಯಾಯ್ತು. ಓದ್ದೇನೇ ಕ್ಲೈಂಟಿಗೂ ಕಳಿಸ್ಬಿಟ್ಟೆ. ಈಗ ದಿಲ್ಲಿಯವರು ಕೇಳ್ತಿದಾರೆ, ಈ ರಾಹುಕಾಲ ಅನ್ನೋದು ನಮ್ಮ ಸ್ಕೂಲ್ ಬಿಲ್ಡಿಂಗಿನ ಯಾವ ಭಾಗ ಅಂತ. ನಾನೇನು ಹೇಳ್ಲಿ?"

ಅರ್ಪಿತ ಆತುರದಿಂದ ವರದಿ ತೆರೆದಳು, ಅತ್ತ ಪ್ರಮೋದಾ ಓದತೊಡಗಿದಳು.

"ಮೆಟ್ಟಿಲು, ಆಮೇಲೆ ರಾಹುಕಾಲ. ಲೈಬ್ರರಿ, ಆಮೇಲೆ ರಾಹುಕಾಲ. ದಿನಾ ಒಂದೂವರೆ ಗಂಟೆ! ಭಾನುವಾರನೂ ಬಿಟ್ಟಿಲ್ಲ. ಏನಿದು?"

"ಮೇಡಂ... ಅದು ನನ್ನ ತಪ್ಪು. ಕ್ಯಾಲೆಂಡರಲ್ಲಿ ಏನಿದ್ರೂ ಅಲ್ಲಿಗೆ ಹೋಗೋ ಹಾಗೆ ನಾನೇ ಜೋಡಿಸಿದ್ದೆ. ನೋಡ್ಕೊಳ್ಳಲಿಲ್ಲ."

"ಅದು ಬಿಡು, ಸರಿ ಮಾಡ್ಬಹುದು. ನನಗೆ ಒಂದೇ ಒಂದು ಹೇಳು. ಆ ಹೊತ್ತಲ್ಲಿ ನೀನು ಕೆಲಸ ಮಾಡ್ತಿದ್ಯಾ, ಇಲ್ವಾ?"

ಇಷ್ಟೇ ಪ್ರಶ್ನೆ. 'ಮಾಡ್ತಿದ್ದೆ' ಎಂದರೆ ಮುಗಿಯಿತು. ಅರ್ಪಿತ ಬಾಗಿಲ ಕಡೆ ನೋಡಿದಳು. ಅಲ್ಲಿ ಮಗುವನ್ನು ಎತ್ತಿಕೊಂಡ ಅತ್ತೆ ನಿಂತಿದ್ದಳು. ಆಕೆಯ ಹಿಂದೆ, ಕತ್ತು ಉದ್ದ ಮಾಡಿಕೊಂಡು ಪಾಪಮ್ಮ. ಅರ್ಪಿತ ತಲೆ ತಗ್ಗಿಸಿದಳು.

"ಅದನ್ನೆಲ್ಲ ತೆಗೆದ್ಹಾಕಿ ಮೇಡಂ."

"ತೆಗೆದ್ರೆ ಈ ತಿಂಗಳದ್ದು ಸಾಲಲ್ಲ. ಗೊತ್ತಲ್ವಾ? ಆಮೇಲೆ ನನ್ ಕೈಲಿ ಏನೂ ಇರಲ್ಲ. ಸೋಮವಾರದಿಂದ ಆಫೀಸಿಗೆ ಬರ್ಬೇಕು."

"ಬರ್ತೀನಿ ಮೇಡಂ."

ಮುನಿಲಕ್ಷ್ಮಮ್ಮನ ಬಾಯಲ್ಲಿ ಬಿಸಿತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮಾತಾಡಿದರೆ ಹಿಂದೆ ಪಾಪಮ್ಮ ನಿಂತಿದ್ದಾಳೆ. ಸಂಜೆಯೊಳಗೆ ಊರೆಲ್ಲ ಡಂಗುರ. ಅದೂ ಹೋಗಲಿ, ಈಗ ನಡೆಯುತ್ತಿರುವುದು ಶುಕ್ರವಾರದ ರಾಹುಕಾಲ. ಇಷ್ಟು ವರ್ಷದಲ್ಲಿ ಈ ಹೊತ್ತಿನಲ್ಲಿ ಆಕೆ ಒಂದು ಶುಭದ ಮಾತು ತೆಗೆದವಳಲ್ಲ. ಈಗ ಬಾಯಿ ಬಿಟ್ಟರೆ ಕೆಲಸ ಕೆಟ್ಟೇ ಹೋಗುತ್ತದಲ್ಲ. ಹನ್ನೆರಡಾಗಲಿ ಎಂದು ಕಾಯೋಣವೆಂದರೆ ಆ ಮೇಡಂ ಆಗಲೇ, "ಸರಿ ಅರ್ಪಿತ, ಇಡ್ತೀನಿ ಹಾಗಾದ್ರೆ" ಎನ್ನುತ್ತಿದ್ದಾಳೆ.

"ಏ ತಾಯೀ! ಇಡ್ಬೇಡ, ಇಡ್ಬೇಡ!"

ಮುನಿಲಕ್ಷ್ಮಮ್ಮ ಕೋಣೆಯ ಹೊಸಿಲು ದಾಟಿ ಬಂದು, ಮಗುವನ್ನು ಅರ್ಪಿತಳ ಮಡಿಲಿಗೆ ಹಾಕಿ, ಲ್ಯಾಪ್‌ಟಾಪಿನ ಮುಂದೆ ಬಗ್ಗಿದಳು. ಪರದೆಯಲ್ಲಿ ಪ್ರಮೋದಾಳ ಕಣ್ಣು ದೊಡ್ಡದಾಯಿತು.

"ನಾನು ಇವಳ ಅತ್ತೆ ಕಣಮ್ಮ. ರಾಹುಕಾಲ ಹಾಕ್ದೋಳು ನಾನು, ಅವಳಲ್ಲ. ಆ ಹೊತ್ತಲ್ಲಿ ಕಂಪ್ಯೂಟ್ರು ಮುಟ್ಬೇಡ ಅಂದೋಳೂ ನಾನೇ. ಆದ್ರೆ ಅವಳು ಮುಟ್ಟವ್ಳೆ. ದಿನಾ ಮುಟ್ಟವ್ಳೆ. ರಾಹುಕಾಲಪೂರ್ತಿ ಕೆಲಸ ಮಾಡವ್ಳೆ. ನಾನೇ ಸಾಕ್ಷಿ."

"ಅತ್ತೆ..." ಅರ್ಪಿತ ಅತ್ತೆಯ ಸೆರಗು ಹಿಡಿದಳು.

"ನೀನು ಸುಮ್ನಿರು. ನನ್ ಮುಖ ನೋಡ್ಕೊಂಡು ನಿನ್ ಬಾಯಿಗೆ ನೀನೇ ಮಣ್ಣು ಹಾಕ್ಕೊಂತೀಯ? ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಮೊದಲ್ನೇ ದಿನದಿಂದ ಗೊತ್ತು."

ಪ್ರಮೋದಾ ಮೆಲ್ಲನೆ ಕೇಳಿದಳು: "ಅಮ್ಮಾ, ನೀವು ಕಣ್ಣಾರೆ ನೋಡಿದ್ದೀರಾ?"

"ನೋಡಿಲ್ಲ, ಸುಳ್ಳು ಹೇಳಲ್ಲ. ಕೇಳಿದೀನಿ. ಬಾಗಿಲ ಹೊರಗೆ ಮಗು ಎತ್ಕೊಂಡು ಕೂತಿರ್ತಿದ್ದೆ, ಒಳಗೆ ಟಕಟಕ ಅಂತಿತ್ತು. ನಾನು ಹತ್ರ ಹೋದ್ರೆ ನಿಲ್ತಿತ್ತು, ದೂರ ಬಂದ್ರೆ ಶುರುವಾಗ್ತಿತ್ತು. ಶನಿವಾರ ಭಾನುವಾರ ಮಾತ್ರ ಇಲ್ಲಮ್ಮ. ಅವತ್ತು ಅವಳು ಮಗು ತಬ್ಕೊಂಡು ನಿಜವಾಗ್ಲೂ ಮಲಗ್ತಾಳೆ. ಆ ಎರಡು ದಿನದ್ದು ತೆಗೆದ್ಹಾಕು, ಬೇಡ ನಮಗೆ. ಮಿಕ್ಕಿದ್ದು ಅವಳು ದುಡ್ದಿರೋದು."

ಪ್ರಮೋದಾ ವರದಿಯನ್ನು ಮತ್ತೊಮ್ಮೆ ತೆರೆದು ನೋಡಿದಳು. ಆಮೇಲೆ, "ಅರ್ಪಿತ, ಪ್ರತಿ ನಕ್ಷೆ ಯಾವ ಹೊತ್ತಲ್ಲಿ ಸೇವ್ ಆಗಿದೆ ಅಂತ ಇರುತ್ತಲ್ಲ. ತೆಗಿ, ಒಟ್ಟಿಗೇ ನೋಡೋಣ" ಎಂದಳು. ಅರ್ಪಿತ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ತೆಗೆದಳು. ಬುಧವಾರ ನಡುಹಗಲಿನದು ಲೈಬ್ರರಿ. ಗುರುವಾರದ್ದು ಮಕ್ಕಳು ಕೈ ತೊಳೆಯುವ ಜಾಗ. ಸೋಮವಾರ ಬೆಳಗಿನ ಹೊತ್ತಿನದು ಶಾಲೆಯ ಅಂಗಳ. ಒಂದೊಂದನ್ನೂ ನೋಡುತ್ತಾ ಹೋದ ಪ್ರಮೋದಾ ಒಂದರ ಹತ್ತಿರ ತಡೆದಳು.

"ಈ ಹೊಸ ಮೆಟ್ಟಿಲಿನ ನಕ್ಷೆ? ದಿಲ್ಲಿಯವರು ಅಷ್ಟೊಂದು ಮೆಚ್ಚಿ ಒಪ್ಕೊಂಡ್ರಲ್ಲ, ಅದಲ್ವಾ? ಇದನ್ನ ಬರೆದಿದ್ದು ಮಂಗಳವಾರ ಮಧ್ಯಾಹ್ನ."

"ಮೂರೂವರೆಗಾ?" ಎಂದು ಮುನಿಲಕ್ಷ್ಮಮ್ಮ ಬಗ್ಗಿ ಕೇಳಿದಳು.

"ಹೌದಮ್ಮ, ಸರಿಸುಮಾರು."

"ಅಯ್ಯೋ ಶಿವನೇ! ಅವರು ಒಪ್ಕೊಂಡಿದ್ದು ಅದನ್ನೇನಾ!"

ಪ್ರಮೋದಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಹೊತ್ತೇನೋ ಸರಿಯಾಗೇ ಇದೆ, ಹೆಸರು ಮಾತ್ರ ಬೇರೆ ಬಿದ್ದಿದೆ ಅಷ್ಟೇ. ಆಯಾ ನಕ್ಷೆ ಹೆಸರು ಹಾಕಿ ಮತ್ತೆ ಕಳ್ಸು ಅರ್ಪಿತ, ದಿಲ್ಲಿಯವರಿಗೆ ನಾನು ಹೇಳ್ಕೊತೀನಿ. ಶನಿವಾರ ಭಾನುವಾರ ತೆಗಿ, ನಿಮ್ಮತ್ತೆ ಹೇಳಿದಾರಲ್ಲ. ಮನೆಯಿಂದ್ಲೇ ಮಾಡ್ಕೊ, ಬಸ್ಸೂ ಬೇಡ ಏನೂ ಬೇಡ. ಅಮ್ಮಾ, ನಿಮಗೆ ನಮಸ್ಕಾರ." ಪರದೆ ಮುಚ್ಚಿತು.

ಅರ್ಪಿತ ಮಗುವಿನ ತಲೆಯ ಮೇಲೆ ಮುಖವಿಟ್ಟು ಬಿಕ್ಕಿದಳು. "ಸುಳ್ಳಾಡಿದೆ ಅತ್ತೆ ನಿಮ್ ಹತ್ರ."

"ನೀನೆಲ್ಲಿ ಆಡ್ದೆ? ಬಾಯಿ ಮುಚ್ಕೊಂಡಿದ್ದೆ ಅಷ್ಟೇ. ನಾನೂ ಮುಚ್ಕೊಂಡಿದ್ದೆ. ಸಮ ಆಯ್ತು. ಮುಖ ತೊಳ್ಕೊ ಹೋಗು, ಮಗು ಹೆದರ್ತದೆ."

ಬಾಗಿಲಲ್ಲಿ ಪಾಪಮ್ಮ ಖಾಲಿ ಲೋಟ ಹಿಡಿದು ಇನ್ನೂ ನಿಂತೇ ಇದ್ದಳು. ಇಂಥ ಅವಕಾಶ ಬಿಡುವವಳೇ? "ಏನಮ್ಮಾ ಮುನಿಲಕ್ಷ್ಮಕ್ಕ, ನನ್ ಸೊಸೆ ಗೆರೆ ದಾಟಲ್ಲ, ಲ್ಯಾಪ್‌ಟಾಪ್ ಮುಚ್ಚಿಡ್ತಾಳೆ ಅಂತಿದ್ದೆ? ನಾನು ಸುಮ್ ಸುಮ್ನೆ ನಮ್ ವಾಣಿಶ್ರೀನ ಬೈದೆನಲ್ಲ!"

ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ತಿರುಗಿದಳು. "ಹೂಂ ಕಣೆ, ಕೊಚ್ಕೊಂಡೆ. ತಪ್ಪಾಯ್ತು. ವಾಣಿಶ್ರೀಗೂ ನಾನೇ ಬಂದು ಹೇಳ್ತೀನಿ. ಆದ್ರೆ ಒಂದು ಕೇಳು. ರಾಹುಕಾಲದಲ್ಲಿ ಹೊಸದು ಶುರು ಮಾಡ್ಬಾರ್ದು ಅಂತ ಐತೆ. ನಡೀತಿರೋ ಕೆಲಸ ನಿಲ್ಸು ಅಂತ ಯಾವ ಪಂಚಾಂಗದಲ್ಲಿ ಬರ್ದವ್ರೆ? ಅಮ್ಮನೋರಿಗೆ ನಿಂಬೆಹಣ್ಣಿನ ದೀಪ ಹಚ್ಚೋದು ಯಾವಾಗ, ರಾಹುಕಾಲದಲ್ಲೇ ಅಲ್ವಾ? ಕಷ್ಟಪಡೋರಿಗೆ ಆ ತಾಯಿ ಆ ಹೊತ್ತಲ್ಲೂ ಕಣ್ಬಿಟ್ಟಿರ್ತಾಳೆ ಕಣೆ." ಪಾಪಮ್ಮ ಲೋಟವನ್ನು ಕೈಯಿಂದ ಕೈಗೆ ಬದಲಿಸಿದಳು. "ಕೊಡು ಲೋಟ" ಎಂದು ಮುನಿಲಕ್ಷ್ಮಮ್ಮ ಒಳಗೆ ಹೋಗಿ, ಗಡಿಯಾರದ ಕಡೆ ನೋಡದೆಯೇ ಹೆಪ್ಪು ತಂದುಕೊಟ್ಟಳು.

ಸಂಜೆ ಅರ್ಪಿತ ಆ ಎರಡು ಚೌಕಗಳ ನಡುವೆ ಮೂರನೆಯದೊಂದನ್ನು ಕೂರಿಸಿದಳು. ಇನ್ನು ಮೇಲೆ 'ಕೆಲಸ' ಎಂಬ ಗುರುತು ಹಾಕಿದ್ದು ಮಾತ್ರ ಟೈಮ್ ಆ್ಯಪ್‌ಗೆ ಹೋಗುತ್ತದೆ, ಮಿಕ್ಕಿದ್ದು ಕ್ಯಾಲೆಂಡರಿನಲ್ಲೇ ಉಳಿಯುತ್ತದೆ. ಮುನಿಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಪೂರ್ತಿ ನೋಡಿದಳು. ಮುಂಚೆ ಬರೀ ಕಾಲುವೆ ಇತ್ತು, ಈಗ ತೂಬು ಇಟ್ಟಿದ್ದಾಳೆ ಎಂದು ಗೋಪಾಲಪ್ಪನಿಗೆ ವಿವರಿಸಿದಳು. ಎಡವಿದ ಜಾಗದಲ್ಲೇ ಕೂತು ಅಳದೆ, ಎದ್ದು ಅದನ್ನು ಸರಿಮಾಡಿದಳಲ್ಲ ಹುಡುಗಿ ಎಂದು ಆಕೆಗೆ ಮತ್ತೊಮ್ಮೆ ಎದೆ ಉಬ್ಬಿತು.

"ರಾಹುಕಾಲ ಅಳಿಸ್ಬಿಡ್ಲಾ ಅತ್ತೆ?" ಎಂದು ಅರ್ಪಿತ ಅಂಜುತ್ತಲೇ ಕೇಳಿದಳು.

"ಯಾಕಳಿಸ್ತೀಯ? ಅಷ್ಟು ಕಷ್ಟಪಟ್ಟು ಹಾಕಿದೀನಿ. ಇರ್ಲಿ ಬಿಡು."

ಸೋಮವಾರ ಬೆಳಿಗ್ಗೆ ಅರ್ಪಿತ ಒಲೆಯ ಮುಂದೆ ನಿಂತು ರೊಟ್ಟಿ ತಟ್ಟುತ್ತಿದ್ದಳು. ಮಗು ಅವಳ ಕಾಲು ಹಿಡಿದು ಎದ್ದು ನಿಲ್ಲಲು ನೋಡುತ್ತಿತ್ತು. ಮುನಿಲಕ್ಷ್ಮಮ್ಮ ಕೊಟ್ಟಿಗೆಯಿಂದ ಒಳಗೆ ಬಂದು, ಕೈ ತೊಳೆದು, ಫೋನ್ ತೆಗೆದು ನೋಡಿದಳು. ನೋಡಿದವಳೇ ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, ಸೊಸೆಯ ಕೈಯಿಂದ ಹಿಟ್ಟಿನ ಉಂಡೆ ಕಿತ್ತುಕೊಂಡಳು.

"ಏಳೂವರೆ ಆಯ್ತು, ರಾಹುಕಾಲ ಬಂತು ಕಣಮ್ಮ. ರೊಟ್ಟಿ ನಾನು ತಟ್ತೀನಿ. ನೀನು ಹೋಗಿ ಕೆಲಸಕ್ಕೆ ಕೂತ್ಕೊ."